ಕರಿಯರ ಹಾಡೂ ಕನ್ನಡದ ಕಿವಿಯೂ

ಸ್ವಾತಂತ್ರ್ಯದಿನದ ಮುಂಜಾನೆ ರಟ್ಟೀಹಳ್ಳಿಯಂಥ ಊರಿನ ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತು ಹಾಡುವ ಹಾಡುಗಳಲ್ಲಿ ಒಂದು, ಎಂದಾದರೂ ಗೆಲುವು ತಮ್ಮದಾಗುವದೆಂಬ ಭರವಸೆಯದು. ಅದರ ಧಾಟಿ ಬಹು ಸರಳ. ಒಮ್ಮೆ ಕೇಳಿದವರು ಮರೆಯಲಾರರು. ಗಿರಿಜಾಕುಮಾರ ಮಾಥುರರ ಹಿಂದೀ ಮಾತುಗಳ ಮೂಲಕ ಅದು ದೇಶದ ತುಂಬ ಹರಡಿತು; ಕನ್ನಡದಲ್ಲಿಯೂ ಅದಕ್ಕೆ ಒಪ್ಪುವ ಮಾತುಗಳು ಹುಟ್ಟಿಕೊಂಡಿವೆ. ಇಷ್ಟಾಗಿಯೂ ಆ ಧಾಟಿ ಎಲ್ಲಿಂದ ಬಂದಿತೆಂಬದು ಹಾಡುವ ಮಕ್ಕಳಿಗಿರಲಿ, ಹೇಳಿಕೊಡುವ ಗುರುಗಳಿಗೂ ಅನೇಕ ವೇಳೆ ತಿಳಿದಿರುವದಿಲ್ಲ. ಅಮೇರಿಕೆಯ ದಕ್ಷಿಣ ಕೆರೋಲಿನಾ ಪ್ರಾಂತದ ಚಾರ್ಲ್ಸ್‌ಟನ್ ಪಟ್ಟಣದಲ್ಲಿ ಒಂದು ಚುಟ್ಟದ ಕಾರಖಾನೆಯ ಕೆಲಸಗಾರರು 1945ನೆಯ ಇಸವಿಯ ಕೊನೆಯಲ್ಲಿ ಮುಷ್ಕರ ಹೂಡಿದರು. ಅವರಲ್ಲಿ ಬಹುಮಂದಿ ಕರಿಯ ಹೆಂಗಸರು. ಚಳಿಗಾಲವನ್ನೆಲ್ಲ ಬಾಗಿಲ ಹೊರಗೆ ನಿಂತು ಕಳೆಯುವಾಗ ತಮ್ಮ ದೇವಾಲಯದ ಒಂದು ಪ್ರಾರ್ಥನೆಯನ್ನು ಅವರು ಹೋರಾಟದ ಹಾಡಾಗಿ ತಿರುವಿಕೊಂಡರು. ಅಲ್ಲಿಂದ ಅದು ಕೂಲಿಕಾರರ ಶಿಕ್ಷಣಶಾಲೆಯೊಂದಕ್ಕೆ ಹೋಗಿ, 1960ರ ತರುವಾಯ ಕರಿಯ ಜನರ ಹಕ್ಕಿನ ಚಳವಳಿಯ ಉಸಿರಾಯಿತು. ಪೋಲೀಸರ ನಾಯಿಗಳ ಮುಂದೆ, ಸೆರೆಮನೆಯ ಸರಳುಗಳ ಹಿಂದೆ ಹಾಡಿದ ಹಾಡು ಅದು.

ಹಾಡು ಕಡಲು ದಾಟಿ ಬಂದಿತು. ಅದರ ಚರಿತ್ರೆ ಸುಂಕದ ಕಟ್ಟೆಯಲ್ಲಿಯೇ ಉಳಿಯಿತು. ಇದರಲ್ಲಿ ಮಕ್ಕಳ ದೋಷವೇನೂ ಇಲ್ಲ. ಆದರೆ ‘ಸಂಗೀತಕ್ಕೆ ಜಾತಿಯಿಲ್ಲ, ವರ್ಣವಿಲ್ಲ’ ಎಂದು ಸಭೆಸಭೆಯಲ್ಲಿ ಕೇಳಿಬರುವ ಮಾತನ್ನು ಒಮ್ಮೆ ಒರೆಗೆ ಹಚ್ಚಿ ನೋಡಲು ಇದಕ್ಕಿಂತ ಒಳ್ಳೆಯ ನಿಮಿತ್ತ ಸಿಕ್ಕಲಾರದು. ಸ್ವರಕ್ಕೆ ಜಾತಿಯಿಲ್ಲವೆಂಬದು ನಿಜವಿರಬಹುದು. ಹಾಡುವವನಿಗೆ ಇದೆ, ಹಾಡಿಸುವವನಿಗೆ ಇದೆ, ಹಾಡು ಮುಗಿದ ಮೇಲೆ ಊಟದ ಪಂಕ್ತಿಯಲ್ಲಿ ಎಲೆ ಹಾಕುವವನಿಗಂತೂ ಇದ್ದೇ ಇದೆ. ಒಂದು ಜನಾಂಗದ ಬಾಳನ್ನು ಅದರ ಹಾಡಿನಿಂದ ಅರಿಯಬಹುದೋ, ಅರಿಯಲು ಕಿವಿಯ ಜತೆಗೆ ಬೇರೆ ಏನು ಬೇಕು ಎಂಬದೇ ಇಲ್ಲಿಯ ವಿಚಾರ.

ಈ ಪ್ರಶ್ನೆಯನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಕಂಡವರು ಫ್ರೆಡ್ರಿಕ್ ಡಗ್ಲಸ್ಸರು. ಮೇರಿಲ್ಯಾಂಡ್ ಪ್ರಾಂತದಲ್ಲಿ ಗುಲಾಮರಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಪಾರಾಗಿ, 1845ರಲ್ಲಿ ತಮ್ಮ ಜೀವನವೃತ್ತಾಂತವನ್ನು ಅಚ್ಚು ಹಾಕಿಸಿದ ಧೀರರು ಅವರು. ಆ ಗ್ರಂಥದಲ್ಲಿ ಗುಲಾಮರ ಹಾಡುಗಳ ವಿಷಯವಾಗಿ ಅವರು ಆಡಿದ ಮಾತು ಸಾಹಿತ್ಯ ವಿಮರ್ಶೆಗೂ ಮಾರ್ಗದರ್ಶಕವಾಗುವಂಥದು. ಹೊಲದಲ್ಲಿ ಹಾಡುತ್ತ ದುಡಿಯುವ ಗುಲಾಮನನ್ನು ಕಂಡು, ಇವನು ಸಂತುಷ್ಟನಿರುವನೆಂದು ಉತ್ತರದ ಬಿಳಿಯರು ತಿಳಿಯುತ್ತಿದ್ದರು. ಇದರಷ್ಟು ದೊಡ್ಡ ಭ್ರಾಂತಿ ಇನ್ನೊಂದಿಲ್ಲವೆಂದು ಡಗ್ಲಸ್ಸರು ಬರೆದರು. ಗುಲಾಮನು ಅತ್ಯಂತ ದುಃಖಿಯಾಗಿದ್ದಾಗಲೇ ಹೆಚ್ಚು ಹಾಡುತ್ತಿದ್ದನು. ಕಣ್ಣೀರು ಎದೆಯ ಭಾರವನ್ನು ಇಳಿಸುವಂತೆ ಹಾಡು ಇಳಿಸುತ್ತಿತ್ತು. ಗುಲಾಮಗಿರಿಯ ಕ್ರೌರ್ಯ ತಿಳಿಯಬೇಕಾದರೆ ತತ್ತ್ವಗ್ರಂಥಗಳ ಸಂಪುಟಗಳನ್ನು ಓದುವದಕ್ಕಿಂತ ಆ ಹಾಡುಗಳನ್ನು ಕೇಳುವದು ಮೇಲು ಎಂದೂ ಅವರು ಹೇಳಿದರು. ಆದರೆ ಅದೇ ಪ್ರಸಂಗದಲ್ಲಿ ಇನ್ನೊಂದು ಮಾತನ್ನೂ ಅವರು ಒಪ್ಪಿಕೊಂಡಿದ್ದಾರೆ: ತಾವು ಆ ವರ್ತುಲದೊಳಗೆ ಇದ್ದಾಗ ಆ ಹಾಡುಗಳ ಆಳವಾದ ಅರ್ಥ ತಮಗೂ ಹೊಳೆದಿರಲಿಲ್ಲ. ಒಳಗಿದ್ದವನಿಗೆ ಹೊಳೆಯಲಿಲ್ಲ, ಹೊರಗಿನವನಿಗೆ ವಿಪರೀತವಾಗಿ ಹೊಳೆಯಿತು. ಹೀಗಿರುವಾಗ ಹತ್ತುಸಾವಿರ ಮೈಲು ದೂರದ ಕನ್ನಡ ಮನೆಯಲ್ಲಿ ಕುಳಿತು ಆ ಹಾಡನ್ನು ಕೇಳಿ ತಲೆದೂಗುವವನು ತನ್ನ ತಲೆದೂಗಿನ ಮೇಲೆ ಅಷ್ಟು ವಿಶ್ವಾಸವಿಡುವದು ಹೇಗೆ?

ಗುಲಾಮಗಿರಿ 1865ರಲ್ಲಿ ಕಾಯಿದೆಯಿಂದ ಅಳಿಯಿತು. ಮರುವರ್ಷ ಬಿಡುಗಡೆ ಹೊಂದಿದ ಕರಿಯರ ಸಲುವಾಗಿ ನ್ಯಾಶ್ವಿಲ್ ಪಟ್ಟಣದಲ್ಲಿ ಫಿಸ್ಕ್ ವಿದ್ಯಾಲಯವು ತೆರೆಯಿತು. ವಿದ್ಯಾಲಯಕ್ಕೆ ದುಡ್ಡಿನ ಅಡಚಣಿ ಬಂದಾಗ 1871ರಲ್ಲಿ ಒಂಬತ್ತು ಜನ ವಿದ್ಯಾರ್ಥಿಗಳ ಮೇಳವು ಹಾಡಿ ಹಣ ಕೂಡಿಸಲು ಹೊರಟಿತು. ಅವರು ಮೊದಲು ತಮ್ಮ ಹಿರಿಯರ ಹಾಡುಗಳನ್ನು ಹೊರಗೆ ಹಾಡಲು ಹಿಂಜರಿದರು ಎಂಬ ಸಂಗತಿ ಬಹಳ ಮನನೀಯವಾಗಿದೆ. ಒಂದು ಕಾರಣ, ಆ ಹಾಡುಗಳು ಗುಲಾಮಗಿರಿಯ ಗುರುತು; ವಿದ್ಯೆ ಕಲಿತವರಿಗೆ ಅದನ್ನು ಮರೆಯುವ ಆತುರ. ಇನ್ನೊಂದು ಕಾರಣ, ತಾಯಿತಂದೆಗಳು ದೇವರೆದುರು ಗುಟ್ಟಾಗಿ ಹಾಡಿಕೊಂಡ ಹಾಡನ್ನು ಚೀಟಿ ಕೊಂಡು ಬಂದವರ ಮುಂದೆ ಹೇಗೆ ಬಿಚ್ಚುವದು ಎಂಬ ಸಂಕೋಚ. ಕೊನೆಗೆ ಬಿಚ್ಚಿದರು, ಜನರು ಬೆರಗಾದರು, 1873ರಲ್ಲಿ ಇಂಗ್ಲಂಡಕ್ಕೆ ಹೋಗಿ ವಿಕ್ಟೋರಿಯಾ ರಾಣಿಯ ಮುಂದೆಯೂ ಹಾಡಿ ಬಂದರು. ವಿದ್ಯಾಲಯದ ಕಟ್ಟಡ ಎದ್ದಿತು. ಹಾಡಿದ ಊರುಗಳಲ್ಲಿ ಅನೇಕ ಕಡೆಗೆ ಅವರಿಗೆ ವಸತಿ ಕೊಡಲು ಖಾನಾವಳಿಯವರು ಒಪ್ಪುತ್ತಿರಲಿಲ್ಲ ಎಂಬದನ್ನು ಇದರ ಜತೆಗೇ ಓದಬೇಕು.

ಅದೇ 1873ರಲ್ಲಿ ಪುಣೆಯ ಜೋತೀರಾವ ಫುಲೆಯವರು ‘ಗುಲಾಮಗಿರಿ’ ಎಂಬ ಮರಾಠೀ ಗ್ರಂಥವನ್ನು ಪ್ರಕಟಿಸಿ, ಗುಲಾಮರ ಬಿಡುಗಡೆಗಾಗಿ ದುಡಿದ ಅಮೇರಿಕೆಯ ಸಜ್ಜನರಿಗೆ ಅದನ್ನು ಅರ್ಪಿಸಿದರು. ಅಲ್ಲಿಯ ಕರಿಯರ ಬಾಳನ್ನೂ ಇಲ್ಲಿಯ ಶೂದ್ರಾತಿಶೂದ್ರರ ಬಾಳನ್ನೂ ಎದುರುಬದುರಾಗಿ ಇಟ್ಟು ನೋಡುವ ದೃಷ್ಟಿ ಹೊಸದಲ್ಲವೆಂಬದಕ್ಕೆ ಇದು ಸಾಕ್ಷಿ. ಮುಂದೆ 1946ರಲ್ಲಿ ಅಂಬೇಡಕರರು ಕರಿಯ ಪಂಡಿತರಾದ ಡು ಬಾಯಿಸರಿಗೆ ಪತ್ರ ಬರೆದು, ಇಬ್ಬರ ಜನರ ಸ್ಥಿತಿ ಎಷ್ಟು ಸಮೀಪದ್ದೆಂಬದನ್ನು ಸೂಚಿಸಿ, ವಿಶ್ವಸಂಸ್ಥೆಗೆ ಅಮೇರಿಕೆಯ ಕರಿಯರು ಸಲ್ಲಿಸಿದ್ದ ಮನವಿಯ ವಿಚಾರ ಕೇಳಿದ್ದರು. ಕನ್ನಡದ ಶಬ್ದವೊಂದೇ ಈ ನಂಟನ್ನು ತನ್ನೊಳಗೆ ಇಟ್ಟುಕೊಂಡಿದೆ. ‘ವರ್ಣ’ವೆಂದರೆ ಬಣ್ಣ, ವರ್ಣವೆಂದರೆ ಜಾತಿಯ ನಾಲ್ಕು ಮೆಟ್ಟಿಲು, ವರ್ಣವೆಂದರೆ ಅಕ್ಷರ, ಕರ್ನಾಟಕ ಸಂಗೀತದಲ್ಲಿ ಕಚೇರಿಯ ಆರಂಭಕ್ಕೆ ಹಾಡುವ ಕೃತಿಯೂ ವರ್ಣವೇ. ಮೈಯ ಬಣ್ಣ, ಕುಲ, ವಿದ್ಯೆ, ಹಾಡು ಈ ನಾಲ್ಕನ್ನೂ ಒಂದೇ ಮಾತಿನಲ್ಲಿ ಹಿಡಿದ ಭಾಷೆಯವರು ‘ವರ್ಣದ್ವೇಷವೆಂಬದು ಹೊರನಾಡಿನ ರೋಗ’ ಎಂದು ನಂಬಿರುವದು ಚೋದ್ಯವೇ ಸರಿ.

ಇನ್ನು ಹಾಡಿನೊಳಗೆ ಹೊಗೋಣ. ಡು ಬಾಯಿಸರ ‘ಕರಿಯ ಜನರ ಆತ್ಮಗಳು’ ಎಂಬ ಗ್ರಂಥ 1903ರಲ್ಲಿ ಹೊರಬಿದ್ದಿತು. ಅದರ ಪ್ರತಿಯೊಂದು ಅಧ್ಯಾಯದ ನೆತ್ತಿಯ ಮೇಲೆ ಒಂದು ಶೋಕಗೀತದ ಸ್ವರಲಿಪಿಯ ತುಣುಕು ಇದೆ. ಮಾತುಗಳಿಲ್ಲ, ಸ್ವರ ಮಾತ್ರ. ಸ್ವರಲಿಪಿ ಓದಬಲ್ಲವನೂ ಹಾಡು ಗೊತ್ತಿದ್ದವನೂ ಅಲ್ಲದೆ ಬೇರೆಯವರಿಗೆ ಅದು ಮೂಕಚಿತ್ರ. ಓದುಗನ ಅಜ್ಞಾನವನ್ನು ಪುಟಪುಟಕ್ಕೂ ಅವನ ಕಣ್ಣೆದುರಿಗೇ ಇಡುವ ಈ ಉಪಾಯಕ್ಕೆ ಸಮನಾದದ್ದು ವಿಮರ್ಶೆಯ ಇತಿಹಾಸದಲ್ಲಿ ವಿರಳ. ಕೊನೆಯ ಅಧ್ಯಾಯದಲ್ಲಿ ಅವರು ತಮ್ಮ ಮನೆತನದ ಒಂದು ಹಾಡಿನ ಕತೆ ಹೇಳುತ್ತಾರೆ. ಅಜ್ಜನ ಅಜ್ಜಿಯನ್ನು ಡಚ್ ವರ್ತಕನೊಬ್ಬನು ಹಿಡಿದು ತಂದಿದ್ದನು. ಆಕೆ ತನ್ನ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಹಾಡಿದ ಹಾಡು ಮಕ್ಕಳಿಂದ ಮೊಮ್ಮಕ್ಕಳಿಗೆ ಇಳಿದು ಬಂದಿತು. ಇನ್ನೂರು ವರ್ಷ ಅದನ್ನು ಹಾಡಿದವರಿಗೆ ಅದರ ಮಾತಿನ ಅರ್ಥ ತಿಳಿಯದು, ರಾಗದ ಅರ್ಥ ಮಾತ್ರ ಚೆನ್ನಾಗಿ ಗೊತ್ತು. ಭಾಷೆ ಸತ್ತ ಮೇಲೂ ಉಳಿಯುವ ಹಾಡಿನ ಈ ಬಗೆಯು ಮುಂದೆ ಹೇಳಲಿರುವ ಸಿದ್ದಿಗಳ ವಿಷಯದಲ್ಲಿ ಮತ್ತೆ ನೆನಪಿಗೆ ಬರುವದು.

ಆ ಶೋಕಗೀತಗಳನ್ನು ಕನ್ನಡ ಮನೆಯವರು ಯಾವ ದಾರಿಯಿಂದ ಸಮೀಪಿಸಬಹುದು? ದಾರಿ ಅಡಿಗೆಮನೆಯ ಪಕ್ಕದಲ್ಲಿಯೇ ಇದೆ. ಧಾರವಾಡ, ವಿಜಾಪುರ ಪ್ರಾಂತಗಳ ಹೆಂಗಸರು ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು ಕೂಡಿಸಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಅತ್ತೆಯ ಎದುರಿಗೆ ಆಡಲಾಗದ ಮಾತನ್ನು ಸೊಸೆಯು ಕಲ್ಲಿನ ಎದುರಿಗೆ ಆಡುತ್ತಾಳೆ. ಕಲ್ಲಿನ ಸಪ್ಪಳವು ಮಾತನ್ನು ಮುಚ್ಚುತ್ತದೆ, ಹಾಡು ಅದನ್ನು ತೆರೆಯುತ್ತದೆ. ಹತ್ತಿಯ ಹೊಲದ ಗುಲಾಮನೂ ಹೀಗೆಯೇ ಮಾಡಿದನು. ಒಡೆಯನ ಎದುರಿಗೆ ‘ಓಡಿಹೋಗುತ್ತೇನೆ’ ಎನ್ನುವಂತಿರಲಿಲ್ಲ; ಈಜಿಪ್ಟಿನ ಅರಸನಿಂದ ತನ್ನ ಜನರನ್ನು ಬಿಡಿಸಿ ತಂದ ಮೋಶೆಯ ಕತೆಯನ್ನು ಹಾಡಬಹುದಾಗಿತ್ತು. ಒಡೆಯನಿಗೆ ಅದು ಭಕ್ತಿ. ಹಾಡುವವನಿಗೆ ಅದು ಹಾದಿ. ಒಬ್ಬನು ಎತ್ತಿಕೊಟ್ಟ ಸೊಲ್ಲನ್ನು ಮೇಳವು ಹಿಡಿಯುವ ಕ್ರಮವೂ ಭಜನೆ, ಕೋಲಾಟ, ಸೋಬಾನೆಗಳನ್ನು ಬಲ್ಲವರಿಗೆ ಪರಕೀಯವಲ್ಲ.

ಇಲ್ಲಿಯವರೆಗೆ ಸಾಮ್ಯ. ಆದರೆ ಸಾಮ್ಯದಲ್ಲಿಯೇ ನಿಂತುಬಿಟ್ಟರೆ ಕೇಳಿದವನು ತನ್ನ ದುಃಖವನ್ನೇ ಕೇಳಿಕೊಂಡಂತಾಗುವದು. ಗರತಿಗೆ ತವರು ಉಂಟು. ಹಾದಿ ದೂರವಿರಬಹುದು, ಅಣ್ಣ ಕರೆಯಲು ಬರಲಿಕ್ಕಿಲ್ಲ, ಅತ್ತಿಗೆ ಮೋರೆ ತಿರುಹಬಹುದು. ಆದರೂ ಆ ಊರಿಗೆ ಒಂದು ಹೆಸರಿದೆ, ಅಲ್ಲಿ ಒಂದು ಹೊಸ್ತಿಲಿದೆ. ಆಕೆಯ ಹಾಡಿನ ಅರ್ಧ ಜೀವವು ಆ ಹೊಸ್ತಿಲಲ್ಲಿದೆ. ಗುಲಾಮ ಹೆಂಗಸಿಗೆ ತವರು ಇಲ್ಲ. ತಾಯಿಯನ್ನು ಒಂದು ಪ್ರಾಂತಕ್ಕೆ, ಮಗಳನ್ನು ಇನ್ನೊಂದಕ್ಕೆ ಲಿಲಾವಿನಲ್ಲಿ ಮಾರಿಬಿಡುತ್ತಿದ್ದರು. ತಾಯಿಯಿಲ್ಲದ ಕೂಸಿನ ಹಾಡು ಅವರಲ್ಲಿ ಹುಟ್ಟಿದ್ದು ಉಪಮೆಯಾಗಿ ಅಲ್ಲ, ಮಾರಾಟದ ಪಟ್ಟಿಯ ವರದಿಯಾಗಿ. ಅವರ ಊರಿನ ಹೆಸರೂ, ಮನೆತನದ ಹೆಸರೂ ಅಳಿಸಿಹೋಗಿದ್ದವು. ಆದುದರಿಂದಲೇ ಜೋರ್ಡಾನ್ ಹೊಳೆಯ ಆಚೆಯ ಕಾಣದ ನಾಡು ಅವರ ತವರಾಯಿತು. ಗರತಿಯ ತವರು ನೆನಪಿನಲ್ಲಿದ್ದರೆ ಅವರ ತವರು ಬಯಕೆಯಲ್ಲಿ ಮಾತ್ರ. ಗರತಿಯ ಹಾಡನ್ನು ಬಲ್ಲವರು ಈ ಭೇದದ ಎದುರಿಗೆ ಒಂದು ನಿಮಿಷ ಸುಮ್ಮನೆ ಕುಳಿತರೆ, ಹತ್ತು ಗ್ರಂಥ ಓದಿದವನಿಗೆ ಆಗದ ತಿಳಿವು ಅವರಿಗೆ ಆಗಬಹುದು. ತನ್ನದರಂತೆ ಇರುವದರಿಂದ ಕಿವಿ ತೆರೆಯಬೇಕು. ತನ್ನದರಂತೆ ಇಲ್ಲದಿರುವದರಿಂದ ಅರಿವು ಹುಟ್ಟಬೇಕು.

ಸ್ವರದ ವಿಷಯದಲ್ಲಿ ಒಂದೆರಡೇ ಮಾತು ಸಾಕು. ಕರಿಯರ ‘ಬ್ಲೂಸ್’ ಎಂಬ ಹಾಡುಗಳಲ್ಲಿ ಗಾಂಧಾರವು ಕೋಮಲವೂ ಅಲ್ಲದೆ ಶುದ್ಧವೂ ಅಲ್ಲದೆ ನಡುವೆ ನಿಲ್ಲುತ್ತದೆ. ಪಿಯಾನೋದ ಮನೆಗಳಲ್ಲಿ ಅದಕ್ಕೆ ಜಾಗವಿಲ್ಲ, ಪೇಟಿಯಲ್ಲಿಯೂ ಇಲ್ಲ. ಶ್ರುತಿಭೇದವನ್ನು ಬಲ್ಲ ಹಿಂದುಸ್ತಾನೀ ರಸಿಕನಿಗೆ ಇದು ಬೇಗ ಹಿಡಿಸುತ್ತದೆ. ಬಿಳಿಯ ಪಂಡಿತರು ಬಹುಕಾಲ ಅದನ್ನು ಅಪಸ್ವರವೆಂದೇ ಎಣಿಸಿದ್ದರು.

ಚರ್ಮವಾದ್ಯದ ಕತೆ ಇದಕ್ಕಿಂತ ಗಂಭೀರವಾದದ್ದು. ದಕ್ಷಿಣ ಕೆರೋಲಿನಾದ ಸ್ಟೋನೋ ಹೊಳೆಯ ಬಳಿ 1739ರಲ್ಲಿ ಗುಲಾಮರು ದಂಗೆಯೆದ್ದು ವಾದ್ಯ ಬಾರಿಸುತ್ತ ನಡೆದರು. ಮರುವರ್ಷವೇ ಗುಲಾಮರು ನಗಾರಿ ಬಾರಿಸಕೂಡದೆಂದು ಕಾಯಿದೆಯಾಯಿತು. ವಾದ್ಯ ಹೋಯಿತು, ಚಪ್ಪಾಳೆಯೂ ಪಾದದ ಪೆಟ್ಟೂ ತೊಡೆಯ ಬಡಿತವೂ ಅದರ ಜಾಗಕ್ಕೆ ಬಂದವು, ಮೈಯೇ ವಾದ್ಯವಾಯಿತು. ಕನ್ನಡನಾಡಿನಲ್ಲಿ ನಡೆದದ್ದು ಇದರ ತಲೆಕೆಳಗು. ಇಲ್ಲಿ ಹಲಗೆಯನ್ನು ಯಾರೂ ನಿಷೇಧಿಸಲಿಲ್ಲ, ಹೆಗಲಿಗೆ ಹೊರಿಸಿದರು. ಊರಿನ ಹೆಣಕ್ಕೂ ಹಬ್ಬಕ್ಕೂ ಡಂಗುರಕ್ಕೂ ಹಲಗೆ ಬಾರಿಸುವದು ಮಾದಿಗರ ಪಾಲಿಗೆ ಬಿಟ್ಟಿಯಾಯಿತು, ಬಾರಿಸಿದವನು ದೇವರ ಗುಡಿಯ ಹೊರಗೆ ಉಳಿದನು. ಅಲ್ಲಿ ವಾದ್ಯವನ್ನು ಕಸಿದುಕೊಂಡು ಅವಮಾನಿಸಿದರು, ಇಲ್ಲಿ ವಾದ್ಯವನ್ನು ಕೊಟ್ಟು ಅವಮಾನಿಸಿದರು. ಆದುದರಿಂದಲೇ ದಲಿತ ಚಳವಳಿಯಲ್ಲಿ ಹಲಗೆಗೆ ಎರಡು ಬಗೆಯ ಉತ್ತರಗಳು ಬಂದಿವೆ: ಕೆಲವರು ಅದನ್ನು ಮೆರವಣಿಗೆಯ ಮುಂದೆ ಹಿಡಿದು ಹೆಮ್ಮೆಯಿಂದ ಬಾರಿಸಿದರು, ಕೆಲವರು ಇನ್ನು ಮುಟ್ಟುವದಿಲ್ಲವೆಂದು ಕೆಳಗಿಟ್ಟರು. ಫಿಸ್ಕ್ ವಿದ್ಯಾರ್ಥಿಗಳ ಹಿಂಜರಿಕೆಯನ್ನು ಅರಿತವರಿಗೆ ಈ ಎರಡನೆಯ ಉತ್ತರದಲ್ಲಿ ವಿಚಿತ್ರವೇನೂ ಕಾಣದು.

ಈ ಸೀಮೆಯ ಹೆಸರನ್ನೇ ತನ್ನ ಹೆಸರಿನ ಜತೆಗೆ ಹೊತ್ತು ಜಗತ್ತನ್ನು ಸುತ್ತಿದ ಕಂಠವೊಂದಿದೆ. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಧಾರವಾಡದಲ್ಲಿ, ಗಾಯಕಿಯರ ಮನೆತನದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತವರು. ಮಗಳು ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಿರಾಣಾ ಪದ್ಧತಿಯ ಗಾಯನವನ್ನು ಕಲಿತರು. ಹುಬ್ಬಳ್ಳಿಯಿಂದ ಆಗಗಾಡಿಯಲ್ಲಿ ಕುಂದಗೋಳಕ್ಕೆ ಹೋಗಿ ಬಂದು ಮಾಡಿದ ಆ ಸಾಧನೆಯ ಕತೆ ಈ ಭಾಗದ ಮನೆಮನೆಗೂ ಗೊತ್ತು. ಅಷ್ಟಾಗಿ ನೆನೆಯದ ಕತೆ ಇನ್ನೊಂದಿದೆ. 1924ರ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ, ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಸಭೆಯಲ್ಲಿ, ಹನ್ನೊಂದರ ಹುಡುಗಿ ಸ್ವಾಗತದ ಹಾಡು ಹಾಡಿದಳು. ಹಾಡುವಾಗ ಆಕೆಗೆ ಅಂಜಿಕೆಯಿರಲಿಲ್ಲ. ಊಟದ ಹೊತ್ತಿಗೆ ತನ್ನಂಥವರನ್ನು ಹೇಗೆ ನಡೆಯಿಸಿಕೊಳ್ಳುವರೋ ಎಂಬ ಅಂಜಿಕೆ ಇತ್ತೆಂದು ಆಕೆಯೇ ಮುಂದೆ ನೆನೆದಿದ್ದಾರೆ. ಚಿಕ್ಕಂದಿನಲ್ಲಿ ನೆರೆಯ ಶ್ರೀಮಂತರೊಬ್ಬರ ತೋಟದ ಮಾವಿನಕಾಯಿ ಕದ್ದಾಗ, ಕಳವಿಗಿಂತ ಗಾಣಿಗಾರ್ತಿಯ ಮಗಳು ತೋಟದೊಳಗೆ ಕಾಲಿಟ್ಟಳೆಂಬದೇ ಅಪರಾಧವಾಗಿತ್ತೆಂದೂ ಹೇಳಿದ್ದಾರೆ. ಗಂಡಸು ಹಾಡಿದರೆ ಪಂಡಿತನೋ ಉಸ್ತಾದನೋ ಆಗುವನು, ಹೆಂಗಸು ಎಷ್ಟು ಹಾಡಿದರೂ ಬಾಯಿಯಾಗಿಯೇ ಉಳಿಯುವಳು ಎಂಬ ಅವರ ಕಟಕಿಯು ಬಹು ಪ್ರಸಿದ್ಧವಾದದ್ದು.

ಅವರ ಜತೆಗೆ ಇಟ್ಟು ನೋಡಬೇಕಾದವರು ಫಿಲಡೆಲ್ಫಿಯಾದ ಮೇರಿಯನ್ ಆಂಡರ್ಸನ್ ಅವರು. 1897ರಲ್ಲಿ ಹುಟ್ಟಿದವರು, ಸ್ತ್ರೀಕಂಠಗಳಲ್ಲಿ ಅತ್ಯಂತ ಮಂದ್ರವಾದ ಕಂಠದವರು. ಮೈಬಣ್ಣದ ಕಾರಣದಿಂದ ಊರಿನ ಸಂಗೀತಶಾಲೆಯೊಂದು ಅವರನ್ನು ಸೇರಿಸಿಕೊಳ್ಳಲಿಲ್ಲ. ಕರಿಯರ ದೇವಾಲಯದವರು ಕಾಸುಕಾಸು ಕೂಡಿಸಿ ಕಲಿಸಿದರು. ಯುರೋಪದ ರಾಜಧಾನಿಗಳು ಮೆಚ್ಚಿದ ಮೇಲೆಯೂ ಸ್ವದೇಶದಲ್ಲಿ 1937ರಲ್ಲಿ ಪ್ರಿನ್ಸ್‌ಟನ್ ಊರಿನ ಹೊಟೆಲಿನವರು ಕೋಣೆ ಕೊಡಲೊಲ್ಲದೆ ಹೋದಾಗ ಐನ್‌ಸ್ಟೈನ್ ಪಂಡಿತರು ತಮ್ಮ ಮನೆಗೆ ಕರೆದೊಯ್ದರು. 1939ರಲ್ಲಿ ವಾಶಿಂಗ್ಟನ್ನಿನ ಪ್ರತಿಷ್ಠಿತ ಸಭಾಗೃಹದ ಒಡತಿಯರ ಸಂಘವು ಕರಿಯ ಗಾಯಕಿಗೆ ವೇದಿಕೆ ನಿರಾಕರಿಸಿತು. ಅಧ್ಯಕ್ಷರ ಪತ್ನಿ ಎಲಿನರ್ ರೂಸ್‌ವೆಲ್ಟರು ಆ ಸಂಘಕ್ಕೆ ರಾಜಿನಾಮೆ ಕೊಟ್ಟರು. ಏಪ್ರಿಲ್ 9ನೆಯ ತಾರೀಖಿಗೆ ಲಿಂಕನ್ನರ ಸ್ಮಾರಕದ ಮೆಟ್ಟಿಲ ಮೇಲೆ, ಬಯಲಿನಲ್ಲಿ, 75,000 ಜನರ ಮುಂದೆ ಆಕೆ ಹಾಡಿದರು. ಶೂಬರ್ಟನ ಕೃತಿಯನ್ನೂ ಹಾಡಿದರು, ಕೊನೆಗೆ ಹಿರಿಯರ ಶೋಕಗೀತಗಳನ್ನೂ ಹಾಡಿದರು. ನ್ಯೂಯಾರ್ಕಿನ ಮಹಾ ಗೀತನಾಟಕಶಾಲೆಯ ಬಾಗಿಲು ಅವರಿಗೆ ತೆರೆದದ್ದು 1955ರಲ್ಲಿ, ವಯಸ್ಸು ಐವತ್ತೇಳಾದ ಮೇಲೆ. 1957ರಲ್ಲಿ ಅವರು ಹಿಂದುಸ್ತಾನಕ್ಕೂ ಬಂದು ಹಾಡಿ ಹೋದರು.

ಎರಡೂ ಕಂಠಗಳು ಮಂದ್ರದವು. ಗಂಗೂಬಾಯಿಯವರ ಕಂಠವು ಗಂಟಲಿನ ಶಸ್ತ್ರಕ್ರಿಯೆಯ ತರುವಾಯ ಕೆಳಗಿಳಿದು ಗಂಡುದನಿಯಂತಾಯಿತು. ಹೆಣ್ಣುದನಿ ಹೀಗೆಯೇ ಇರಬೇಕೆಂಬ ಎಣಿಕೆಯನ್ನೇ ಅದು ಮುರಿಯಿತು. ಇಬ್ಬರನ್ನೂ ನಾಡು ಕೊನೆಗೆ ತಲೆಯ ಮೇಲೆ ಹೊತ್ತು ಮೆರೆಸಿತು. ಗಂಗೂಬಾಯಿಯವರಿಗೆ 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ. ಆದರೆ ವಿಮರ್ಶಕನು ಇಲ್ಲಿ ಒಂದು ಭೇದವನ್ನು ಮರೆಯಕೂಡದು. ಆಂಡರ್ಸನ್ನರ ಶೋಕಗೀತದಲ್ಲಿ ಅವರ ಜನರ ಬಾಳೇ ಹಾಡಿನ ವಸ್ತು. ಗಂಗೂಬಾಯಿಯವರ ಖ್ಯಾಲದಲ್ಲಿ ಅಂಥದೇನೂ ಇಲ್ಲ. ಬಂದಿಶಿನ ಮಾತುಗಳು ಕೃಷ್ಣನವು, ವಿರಹದವು, ಮಳೆಗಾಲದವು. ಅವರ ಭೈರವಿಯನ್ನು ನೂರು ಸಲ ಕೇಳಿದರೂ ಬೆಳಗಾವಿಯ ಊಟದ ಪಂಕ್ತಿ ಕಿವಿಗೆ ಬೀಳುವದಿಲ್ಲ. ಅವಮಾನವು ಹಾಡಿನೊಳಗಿರಲಿಲ್ಲ, ಹಾಡಿನ ಸುತ್ತ ಇತ್ತು. ಕಿವಿಯೊಂದನ್ನೇ ನಂಬಿದ ರಸಿಕನು ಇಲ್ಲಿ ಸಂಪೂರ್ಣವಾಗಿ ಮೋಸ ಹೋಗುವನು, ಹೋಗಿಯೂ ಇದ್ದಾನೆ. ಗ್ರಾಮೊಫೋನ್ ತಟ್ಟೆಯನ್ನು ಮನೆಗೆ ತಂದವರೆಲ್ಲ ಗಾಯಕಿಯನ್ನು ಮನೆಯ ಪಡಸಾಲೆಗೆ ಕರೆಯುತ್ತಿದ್ದರೆಂದು ತಿಳಿಯಬೇಕಾಗಿಲ್ಲ. ಕನಕದಾಸರು ಹುಟ್ಟಿದ ಬಾಡವೂ ಶರೀಫರ ಶಿಶುನಾಳವೂ ಶಿಗ್ಗಾಂವಿ ತಾಲೂಕಿನಲ್ಲಿವೆ, ಸರ್ವಜ್ಞನ ನೆಲವೂ ಹಿರೇಕೆರೂರಿನ ಕಡೆಗೇ ಇದೆ. ಕುಲವನ್ನು ಕೇಳಬೇಡಿರೆಂದು ಹಾಡಿದವರ ಹಾಡನ್ನೇ ಏಕಾದಶಿಯ ರಾತ್ರಿ ಹಾಡಿ, ಬೆಳಗಾದ ಮೇಲೆ ಕುಲವನ್ನು ಕೇಳಿದ ಮನೆಗಳೂ ಈ ಸೀಮೆಯಲ್ಲಿಯೇ ಇದ್ದವು. ರಾಗವು ಮನಸ್ಸನ್ನು ಕರಗಿಸುತ್ತದೆ ಎನ್ನುವರು. ಕರಗಿದ್ದು ಮತ್ತೆ ಗಟ್ಟಿಯಾಗಲು ಒಂದು ರಾತ್ರಿ ಸಾಕು.

ಹಾಡು ಯಾರದು, ಬರೆದವರು ಯಾರು ಎಂಬ ಪ್ರಶ್ನೆಯೂ ಸಣ್ಣದಲ್ಲ. ಮಿಸಿಸಿಪಿ ಹೊಳೆಯ ಮೇಲಿನ ಪ್ರಸಿದ್ಧ ಹಾಡು 1927ರ ಒಂದು ಗೀತನಾಟಕಕ್ಕಾಗಿ ಬಿಳಿಯ ಕವಿಯೂ ಬಿಳಿಯ ಸಂಗೀತಗಾರನೂ ಕೂಡಿ ರಚಿಸಿದ್ದು. ಅದರಲ್ಲಿಯ ಕರಿಯ ಕೂಲಿಕಾರನು ದಣಿದು ಹತಾಶನಾಗಿ ನಿಲ್ಲುತ್ತಾನೆ. ಕರಿಯ ಗಾಯಕರಾದ ಪಾಲ್ ರಾಬ್ಸನ್ನರು ಅದನ್ನು ಹಾಡಿ ಹಾಡಿ, ಕೊನೆಗೆ ಮಾತುಗಳನ್ನೇ ಬದಲಿಸಿ, ಹತಾಶೆಯ ಜಾಗದಲ್ಲಿ ಹೋರಾಟವನ್ನಿಟ್ಟರು. ಅಸಮಿನ ಭೂಪೇನ ಹಜಾರಿಕಾ ಅವರು ಅದರ ಸ್ಫೂರ್ತಿಯಿಂದಲೇ ತಮ್ಮ ಹೊಳೆಯ ಹಾಡನ್ನು ಕಟ್ಟಿದರು. ಇನ್ನೊಬ್ಬರು ಬರೆದುಕೊಟ್ಟ ದುಃಖವನ್ನು ದುಃಖಪಟ್ಟವನು ತಿದ್ದಿಕೊಂಡ ಈ ತಿದ್ದುಪಡಿಯು ಒಂದು ವಿಮರ್ಶೆಯೇ ಆಗಿದೆ.

ಇಷ್ಟೆಲ್ಲವನ್ನೂ ಅರಿತ ಸುಸಂಸ್ಕೃತ ಮನೆಯವರಿಗೆ ಪರೀಕ್ಷೆ ಮಾತ್ರ ಅಮೇರಿಕೆಯಲ್ಲಿಲ್ಲ. ಹಾನಗಲ್ಲು, ಶಿಗ್ಗಾಂವಿಗಳ ಪಡುವಣ ಎಲ್ಲೆ ದಾಟಿದರೆ ಮುಂಡಗೋಡ. ಅದರಾಚೆಗೆ ಯಲ್ಲಾಪುರ, ಹಳಿಯಾಳ. ಆ ಕಾಡುಗಳಲ್ಲಿ ಆಫ್ರಿಕೆಯ ಮೂಲದ ಸಿದ್ದಿಗಳು ತಲೆತಲಾಂತರದಿಂದ ಬಾಳುತ್ತಿದ್ದಾರೆ. ಪೋರ್ತುಗೀಜರು ಗೋವೆಗೆ ಹಡಗಿನಲ್ಲಿ ತಂದ ಗುಲಾಮರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರೆಂಬದು ಅವರ ಚರಿತ್ರೆಯ ಮುಖ್ಯ ಎಳೆ. ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರಿಸ್ತರೂ ಇದ್ದಾರೆ. ಕೊಂಕಣಿಯ ಒಂದು ಬಗೆಯನ್ನು ಆಡುತ್ತಾರೆ, ಕನ್ನಡವನ್ನೂ ಆಡುತ್ತಾರೆ. ಮೈಬಣ್ಣವೇ ಎಲ್ಲ ಕಾಲದಲ್ಲಿಯೂ ಕೀಳುತನದ ಗುರುತಾಗಿರಲಿಲ್ಲ: ಅಹಮದನಗರದ ಮಲಿಕ ಅಂಬರನೂ ವಿಜಾಪುರದ ಆದಿಲಶಾಹಿಯ ಇಖ್ಲಾಸಖಾನನೂ ಆಫ್ರಿಕೆಯ ಮೂಲದವರೇ, ರಾಜ್ಯದ ಸೂತ್ರ ಹಿಡಿದವರು. ಕಾಡು ಸೇರಿದವರಿಗೆ ಆ ಭಾಗ್ಯವಿರಲಿಲ್ಲ. ಅಡಿಕೆ ತೋಟಗಳ ಒಡೆಯರಲ್ಲಿ ಸಾಲಕ್ಕೆ ಸಿಕ್ಕು ದುಡಿದವರು ಅವರು. ಕೂದಲನ್ನೂ ಬಣ್ಣವನ್ನೂ ನೋಡಿ ನಗುವ ಜನ ಪೇಟೆಯಲ್ಲಿ ಎಂದೂ ಕಡಿಮೆಯಾಗಲಿಲ್ಲ. 2003ರಲ್ಲಿ ಅವರನ್ನು ಪರಿಶಿಷ್ಟ ಬುಡಕಟ್ಟಿನ ಪಟ್ಟಿಗೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣ ಹೊಂದಿದರು, ಆ ಜನಾಂಗದಿಂದ ಅಲ್ಲಿ ಕುಳಿತವರಲ್ಲಿ ಮೊದಲಿಗರು.

ಅವರ ಮುಖ್ಯ ವಾದ್ಯ ಡಮಾಮಿ. ಮರವನ್ನು ಕೊರೆದು ತೊಗಲು ಬಿಗಿದು ಮಾಡಿದ್ದು. ಅದರ ಸುತ್ತ ಕುಣಿತ, ಹಾಡು. ಹೆಂಗಸರ ಫುಗಡಿ ಬೇರೆ. ಇದು ಆಫ್ರಿಕೆಯ ಶುದ್ಧ ಅವಶೇಷವೆಂದು ಸಾರುವ ಉತ್ಸಾಹಿಗಳುಂಟು. ಸ್ವಲ್ಪ ತಾಳ್ಮೆ ಬೇಕು. ‘ದಮಾಮಾ’ ಎಂಬದು ಪಾರಸೀ ಶಬ್ದ. ಅರಸರ ನಗಾರಖಾನೆಯ ವಾದ್ಯದ ಹೆಸರು. ಹಾಡಿನ ಮಾತುಗಳು ಈ ನೆಲದವು. ಹೆಸರು ಒಂದು ಕಡೆಯದು, ಮಾತು ಇನ್ನೊಂದು ಕಡೆಯದು, ಕೈಯ ಪೆಟ್ಟು ಬಹುಶಃ ಮೂರನೆಯ ಕಡೆಯದು. ಹೀಗೆ ಬೆರೆತಿರುವದೇ ಅವರ ಚರಿತ್ರೆ. ಶುದ್ಧಿಯನ್ನು ಹುಡುಕುವ ಚಟವು ಜಾತಿಯ ನಾಡಿನ ಚಟ. ಕೆರೋಲಿನಾದ ಗುಲಾಮರು ಕಳೆದುಕೊಂಡ ವಾದ್ಯವನ್ನು ಘಟ್ಟದ ಕಾಡಿನಲ್ಲಿ ಅಡಗಿದವರು ಉಳಿಸಿಕೊಂಡರೆಂಬದೊಂದೇ ಸಾಕು, ಡಮಾಮಿಯ ಮುಂದೆ ಗೌರವದಿಂದ ಕುಳಿತುಕೊಳ್ಳಲು.

ಆದರೆ ನಾಡು ಅದನ್ನು ಹೇಗೆ ಕೇಳಿದೆ? ಉತ್ಸವದ ಮೆರವಣಿಗೆಗಳಲ್ಲಿ ಸಿದ್ದಿಗಳಿಗೆ ಸೊಪ್ಪು ಉಡಿಸಿ, ಮೈಗೆ ಬಣ್ಣ ಬಳಿದು, ‘ಕಾಡುಜನ’ರೆಂದು ನಡೆಯಿಸುವದುಂಟು. ಅವರು ಮನೆಯಲ್ಲಿ ಸೀರೆ ಉಡುವ, ಅಂಗಿ ತೊಡುವ ಜನ. ಕೌದಿ ಹೊಲಿಯುವದರಲ್ಲಿ ಅವರ ಹೆಂಗಸರ ಕೈ ಹೆಸರಾದದ್ದು. ಸೊಪ್ಪಿನ ಉಡುಪು ನೋಡುವವರ ಕಣ್ಣಿಗಾಗಿ ಹುಟ್ಟಿದ್ದು. 1987ರಲ್ಲಿ ಕೇಂದ್ರದ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಓಟಗಾರರಾಗಿ ತಯಾರಿಸುವ ಯೋಜನೆ ಹೂಡಿತು; ಆಫ್ರಿಕೆಯ ರಕ್ತವಾದ್ದರಿಂದ ಓಡಿಯೇ ಓಡುವರೆಂಬ ಎಣಿಕೆ ಅದರ ಬೆನ್ನಿಗಿತ್ತು. ಕೆಲವರು ಪದಕ ಗೆದ್ದರು. 1993ರ ಹೊತ್ತಿಗೆ ಯೋಜನೆ ನಿಂತಿತು, ಮಕ್ಕಳು ನಡುದಾರಿಯಲ್ಲಿ ಉಳಿದರು. ಮೈಯನ್ನು ಮೆಚ್ಚುವದೂ ಮನುಷ್ಯನನ್ನು ಕಾಣದಿರುವ ಒಂದು ರೀತಿಯೇ. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟದ ದಾರಿಯಲ್ಲಿ, ಯಾರೋ ಸುಡಾನದವನ ಮೋಟಾರಿನಿಂದಾದ ಅಪಘಾತಕ್ಕೆ ಸೇಡಾಗಿ ಗುಂಪೊಂದು ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಬಿದ್ದಿತು. ಕರಿಯ ಬಣ್ಣವೊಂದೇ ಗುಂಪಿಗೆ ಕಂಡ ಗುರುತು.

ಇದಕ್ಕೆ ಎದುರಾದ ಪ್ರಯತ್ನಗಳೂ ನಡೆದಿವೆ, ನ್ಯಾಯವಾಗಿ ಅವನ್ನೂ ಹೇಳಬೇಕು. ಹೆಗ್ಗೋಡಿನ ನೀನಾಸಮಿನ ಬಳಗದ ಚಿದಂಬರರಾವ ಜಂಬೆಯವರು ನೈಜೀರಿಯಾದ ಅಚಿಬೆಯವರ ಕಾದಂಬರಿಯ ಆಧಾರದಿಂದ ಸಿದ್ದಿಗಳಿಂದಲೇ ಆಡಿಸಿದ ‘ಕಪ್ಪು ಜನ ಕೆಂಪು ನೆರಳು’ ನಾಟಕವು ಕನ್ನಡ ರಂಗಭೂಮಿಯ ದೊಡ್ಡ ಘಟನೆ. ಅಲ್ಲಿ ಸಿದ್ದಿಗಳು ನೋಟದ ವಸ್ತುವಾಗಿರದೆ ನಟರಾಗಿ, ಒಂದು ಕತೆಯ ಒಡೆಯರಾಗಿ ನಿಂತರು. ರಂಗಗಾಯಕಿ ಗಿರಿಜಾ ಸಿದ್ದಿಯಂಥವರ ಹೆಸರು ಈಗ ನಾಡಿಗೆ ಪರಿಚಿತ. 2021ರ ‘ಸಲಗ’ ಚಲಚ್ಚಿತ್ರದಲ್ಲಿ ಸಿದ್ದಿಗಳ ಹಾಡೊಂದು ಸೇರಿ, ಅದು ಮನೆಮನೆಯ ಮಕ್ಕಳ ಬಾಯಲ್ಲಿ ನಲಿಯಿತು. ಸಿದ್ದಿ ಕಂಠಗಳು ಸಿದ್ದಿ ಹೆಸರಿನಿಂದಲೇ ಕೇಳಿಬಂದದ್ದು ಲಾಭ. ಆ ಮಕ್ಕಳಲ್ಲಿ ಅದರ ಮಾತು ಯಾವ ಭಾಷೆಯದು, ಹಾಡಿದವರು ಯಾವ ಊರಿನವರು ಎಂದು ಕೇಳಿದವರು ಎಷ್ಟು ಮಂದಿಯೋ. ಸ್ವಾತಂತ್ರ್ಯದಿನದ ಹಾಡಿನ ಕತೆಯೇ ಇಲ್ಲಿ ಐವತ್ತು ಮೈಲಿನ ಒಳಗೆ ಮರುಕಳಿಸಿದಂತಿದೆ.

ಜಿಲ್ಲೆಯ ಸಾಹಿತ್ಯ ಸಂಘಗಳ ಕೈಗೆ ಎಟಕುವ ಕೆಲಸವೊಂದು ಈ ಚರ್ಚೆಯಿಂದ ಹೊರಡುತ್ತದೆ. ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಬಳಿ ಕುಳಿತು ಬರೆದುಕೊಂಡಂತೆ, ಯಾರಾದರೂ ಮುಂಡಗೋಡದ ಬಸ್ಸು ಹತ್ತಿ, ಡಮಾಮಿಯ ಬಳಿ ಕುಳಿತು, ಸಿದ್ದಿಗಳ ಹಾಡುಗಳನ್ನು ಅವರ ಮಾತಿನಲ್ಲಿಯೇ ಕನ್ನಡ ಲಿಪಿಯಿಂದ ಬರೆದುಕೊಳ್ಳಬೇಕು. ಅರ್ಥವನ್ನು ಹಾಡಿದವರಿಂದಲೇ ಕೇಳಿ ಕೆಳಗೆ ಕೊಡಬೇಕು. ಅರ್ಥ ತಿಳಿಯದ ಶಬ್ದ ಬಂದರೆ ಊಹಿಸದೆ ಹಾಗೆಯೇ ಬಿಡಬೇಕು. ಹಾಡಿದವರು ಒಪ್ಪಿದರೆ ಅವರ ಹೆಸರನ್ನು ಹಾಡಿನ ನೆತ್ತಿಯ ಮೇಲೆ ಇಡಬೇಕು, ‘ಜನಪದ’ವೆಂಬ ಹೆಸರಿಲ್ಲದ ಹೆಸರಿನಲ್ಲಿ ಮುಳುಗಿಸಕೂಡದು. ಹೊರಗೆ ಹಾಡಲು ಮನಸ್ಸಿಲ್ಲದ ಹಾಡುಗಳಿದ್ದರೆ, ಫಿಸ್ಕ್ ವಿದ್ಯಾರ್ಥಿಗಳ ಸಂಕೋಚವನ್ನು ನೆನೆದು, ಅವನ್ನು ಕೇಳದೆ ಎದ್ದು ಬರಬೇಕು. ಊಟದ ಹೊತ್ತಾದರೆ ಅವರ ಮನೆಯಲ್ಲಿಯೇ ಉಣ್ಣಬೇಕು.